ಲ್ಯಾಪ್‌ಟಾಪಲ್ಲಿ ಓಡಿದ ಜಾವಾ ಆ್ಯಪ್ ಕ್ಲೌಡಲ್ಲಿ ಯಾಕೆ ಮುಗ್ಗರಿಸುತ್ತೆ?

ಜಾವಾ ಆ್ಯಪನ್ನು ಕ್ಲೌಡಿಗೆ ಹಾಕಿದ ಮೇಲೆ ಕೆಟ್ಟರೆ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು ‘ನನ್ನ ಸಿಸ್ಟಮ್‌ನಲ್ಲಿ ಓಡ್ತಿತ್ತಲ್ಲ’ ಅನ್ನೋದು. ಅದು ಸುಳ್ಳೇನಲ್ಲ. ಲ್ಯಾಪ್‌ಟಾಪು ಕೇಳದೆಯೇ ಎಷ್ಟೋ ಸವಲತ್ತು ಕೊಟ್ಟಿರುತ್ತೆ: ಭಾರತದ ಗಡಿಯಾರ, ಕನ್ನಡದ ಫಾಂಟು, 16 ಜಿಬಿ ಮೆಮೊರಿ, ಪಕ್ಕದಲ್ಲೇ ಓಡುವ ಮೈಎಸ್‌ಕ್ಯೂಎಲ್, ಫೈಲ್ ಹೆಸರಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ನೋಡದ ವಿಂಡೋಸ್. ಕ್ಲೌಡಿನ ಕಂಟೇನರಿಗೆ (ಆ್ಯಪ್ ಓಡುವ ಪ್ರತ್ಯೇಕ ಡಬ್ಬಿ) ಇವುಗಳಲ್ಲಿ ನಾವು ಕೊಟ್ಟಷ್ಟೇ ಗತಿ. ಹಾಗಾಗಿ ‘ಕೋಡಲ್ಲಿ ಏನು ತಪ್ಪಿದೆ’ ಅಂತ ಹುಡುಕೋದಕ್ಕೆ ಮುಂಚೆ ‘ಲ್ಯಾಪ್‌ಟಾಪಲ್ಲಿ ಇದ್ದದ್ದು ಇಲ್ಲಿ ಏನಿಲ್ಲ’ ಅಂತ ಕೇಳಿಕೊಂಡರೆ ಅರ್ಧ ದಿನ ಉಳಿಯುತ್ತೆ.

ಉದಾಹರಣೆಗೆ ಒಂದು ಆ್ಯಪ್ ಇಟ್ಟುಕೊಳ್ಳೋಣ. ಮಂಡ್ಯ ತಾಲ್ಲೂಕಿನ ಊರೂರಿನ ಡೇರಿಗಳ ಹಾಲಿನ ಲೆಕ್ಕ. ಬೆಳಿಗ್ಗೆ ಸಂಜೆ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ಎಷ್ಟು ದುಡ್ಡು. ಬಳಸಿರೋದು ಜಾವಾ 21, ಜಾವಾ ವೆಬ್ ಆ್ಯಪ್ ಬರೆಯೋಕೆ ನೆರವಾಗುವ ಸ್ಪ್ರಿಂಗ್ ಬೂಟ್ 3, ಕಂಟೇನರುಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್. ಕುಬರ್ನೆಟಿಸ್‌ನಲ್ಲಿ ಕಂಟೇನರ್ ಓಡುವ ಘಟಕಕ್ಕೆ ‘ಪಾಡ್’, ಪಾಡುಗಳನ್ನು ಹೊರುವ ಮಷೀನಿಗೆ ‘ನೋಡ್’, ಕಂಟೇನರ್ ಹುಟ್ಟುವ ಅಚ್ಚಿಗೆ ‘ಇಮೇಜ್’ ಅಂತಾರೆ. ಇಲ್ಲಿ ಬರುವ ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು ಅನ್ನೋದು ಹೇಳಬೇಕಿಲ್ಲ.

ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

‘ಕುಬ್‌ಸಿಟಿಎಲ್ ಗೆಟ್ ಪಾಡ್ಸ್’ ಹೊಡೆದರೆ ಸ್ಟೇಟಸ್ ಕಾಲಮ್ಮೇ ಅರ್ಧ ಉತ್ತರ. ‘ಪೆಂಡಿಂಗ್’ ಅಂದರೆ ಪಾಡಿಗೆ ಜಾಗವೇ ಸಿಕ್ಕಿಲ್ಲ, ಹೆಚ್ಚಿನ ಸಲ ನೀವು ಕೇಳಿರುವಷ್ಟು ಸಿಪಿಯು, ಮೆಮೊರಿ ಯಾವ ನೋಡಿನಲ್ಲೂ ಖಾಲಿ ಇಲ್ಲ. ‘ಇಮೇಜ್‌ಪುಲ್‌ಬ್ಯಾಕ್‌ಆಫ್’ ಅಂದರೆ ಇಮೇಜಿನ ಹೆಸರೋ ಟ್ಯಾಗೋ ತಪ್ಪು, ಇಲ್ಲವೇ ಇಮೇಜುಗಳನ್ನು ಇಟ್ಟಿರುವ ರಿಜಿಸ್ಟ್ರಿಗೆ ಹೋಗಲು ಪರ್ಮಿಷನ್ ಇಲ್ಲ. ಜಾವಾ ಕೋಡಿಗೂ ಇದಕ್ಕೂ ಸಂಬಂಧವಿಲ್ಲ. ‘ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್’ ಅಂದರೆ ಆ್ಯಪ್ ಎದ್ದು ಬೀಳ್ತಾ ಇದೆ. ಪ್ರತಿ ಸಲ ಬಿದ್ದಾಗಲೂ ಕಾಯುವ ಹೊತ್ತು 10 ಸೆಕೆಂಡು, 20, 40 ಹೀಗೆ ಇಮ್ಮಡಿಸುತ್ತಾ 5 ನಿಮಿಷಕ್ಕೆ ಹೋಗಿ ನಿಲ್ಲುತ್ತೆ. ‘ಸರಿಮಾಡಿದ್ರೂ ಎದ್ದೇಳ್ತಿಲ್ಲ’ ಅನ್ನುವವರು ಎಷ್ಟೋ ಸಲ ಈ 5 ನಿಮಿಷದೊಳಗೆ ಸಿಕ್ಕಿಕೊಂಡಿರ್ತಾರೆ. ಪಾಡನ್ನು ಅಳಿಸಿದರೆ ಹೊಸದು ತಕ್ಷಣ ಶುರುವಾಗುತ್ತೆ.

ಬಿದ್ದ ಪಾಡಿನ ಲಾಗ್ ನೋಡೋಕೆ ‘ಕುಬ್‌ಸಿಟಿಎಲ್ ಲಾಗ್ಸ್’ ಜೊತೆಗೆ ‘--ಪ್ರೀವಿಯಸ್’ ಹಾಕಲೇಬೇಕು. ಹಾಕದಿದ್ದರೆ ಎಷ್ಟೋ ಸಲ ಕಾಣೋದು ಈಗ ತಾನೇ ಎದ್ದ ಕಂಟೇನರಿನ ಲಾಗು, ಅದರಲ್ಲಿ ಸ್ಪ್ರಿಂಗ್‌ನ ಬ್ಯಾನರ್ ಬಿಟ್ಟರೆ ಏನೂ ಇರಲ್ಲ. ಸ್ಟ್ಯಾಕ್ ಟ್ರೇಸ್ (ಎರರ್ ಎಲ್ಲೆಲ್ಲಿ ಹಾದು ಬಂತು ಅನ್ನುವ ಪಟ್ಟಿ) ಕೈಗೆ ಬಂದ ಮೇಲೆ ಮೇಲಿನ ಸಾಲು ಓದಿ ಗಾಬರಿಯಾಗಬೇಡಿ. ಕೆಳಗಿಳಿದು ಕಟ್ಟಕಡೆಯ ‘ಕಾಸ್ಡ್ ಬೈ’ ಹುಡುಕಿ. ಮೇಲೆ ‘ಬೀನ್ ಕ್ರಿಯೇಷನ್ ಎಕ್ಸೆಪ್ಷನ್’ ಅಂತ ನಾಲ್ಕು ಸಲ ಬೊಬ್ಬೆ ಹೊಡೆದಿರುತ್ತೆ, ನಿಜ ಕಾರಣ ಕೆಳಗೆ ಒಂದೇ ಸಾಲಲ್ಲಿ ಇರುತ್ತೆ.

ಆಮೇಲೆ ‘ಕುಬ್‌ಸಿಟಿಎಲ್ ಡಿಸ್ಕ್ರೈಬ್ ಪಾಡ್’ನಲ್ಲಿ ಎಕ್ಸಿಟ್ ಕೋಡ್. 1 ಬಂದರೆ ಆ್ಯಪ್ ತಾನಾಗಿ ಸತ್ತಿದೆ, ಕಾರಣ ಲಾಗಲ್ಲಿದೆ. 127 ಬಂದರೆ ಓಡಿಸಬೇಕಾದ ಕಮಾಂಡೇ ಸಿಕ್ಕಿಲ್ಲ. 143 ಅಂದರೆ 128 ಕೂಡಿಸು 15, ಯಾರೋ ಮರ್ಯಾದೆಯಿಂದ ‘ನಿಲ್ಲು’ ಅಂದಿದ್ದಾರೆ, ಹೆಚ್ಚಿನ ಸಲ ಪ್ರೋಬ್ (ಆ್ಯಪ್ ಬದುಕಿದೆಯಾ ಅಂತ ಕುಬರ್ನೆಟಿಸ್ ಆಗಾಗ ಮಾಡುವ ತಪಾಸಣೆ). 137 ಅಂದರೆ 128 ಕೂಡಿಸು 9, ಕತ್ತು ಹಿಸುಕಿದ್ದಾರೆ. ಪಕ್ಕದಲ್ಲಿ ‘ಊಮ್‌ಕಿಲ್ಡ್’ ಅಂತಲೂ ಇದ್ದರೆ ಮೆಮೊರಿಯೇ ಕಾರಣ.

ಜಾರ್ ಕಟ್ಟುವಾಗಲೇ ಆಗುವ ಎಡವಟ್ಟು

‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎರರ್’ ಬಂದರೆ ಅದರಲ್ಲಿರುವ ನಂಬರ್ ನೋಡಿ. 52 ಅಂದರೆ ಜಾವಾ 8, 55 ಅಂದರೆ 11, 61 ಅಂದರೆ 17, 65 ಅಂದರೆ 21. ಜಾರ್ (ಜಾವಾ ಆ್ಯಪಿನ ಕ್ಲಾಸುಗಳನ್ನು ಕಟ್ಟಿದ ಗಂಟು) ಕಟ್ಟಿದ್ದು 65ರಲ್ಲಿ, ಬೇಸ್ ಇಮೇಜಿನ ಜಾವಾ 61ರ ತನಕ ಮಾತ್ರ ಓದುತ್ತೆ ಅಂದರೆ ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲಿನ ಮೊದಲ ಸಾಲು ಬದಲಿಸಿ. ಸ್ಪ್ರಿಂಗ್ ಬೂಟ್ 3ಕ್ಕೆ ಕಡಿಮೆ ಅಂದರೂ ಜಾವಾ 17 ಬೇಕು.

‘ನೋ ಮೇನ್ ಮ್ಯಾನಿಫೆಸ್ಟ್ ಆಟ್ರಿಬ್ಯೂಟ್’ ಅಂದರೆ ತಪ್ಪು ಜಾರ್ ಹೋಗಿದೆ. ಜಾರ್ ಕಟ್ಟೋಕೆ ಮೇವನ್ ಬದಲು ಗ್ರೇಡಲ್ ಬಳಸುವವರಿಗೆ ಇದು ಜಾಸ್ತಿ, ಯಾಕೆಂದರೆ ಸ್ಪ್ರಿಂಗ್ ಬೂಟ್ 2.5ರಿಂದ ಈಚೆಗೆ ಬಿಲ್ಡ್ ಫೋಲ್ಡರಿನಲ್ಲಿ ಎರಡು ಜಾರ್ ಬೀಳುತ್ತೆ: ಓಡುವಂಥದ್ದು ಒಂದು, ಕೊನೆಗೆ ‘-ಪ್ಲೇನ್’ ಅಂತ ಇರುವ ಬರೀ ಕ್ಲಾಸುಗಳ ಜಾರ್ ಇನ್ನೊಂದು. ಡಾಕರ್‌ಫೈಲಿನಲ್ಲಿ ನಕ್ಷತ್ರ ಹಾಕಿ ಕಾಪಿ ಮಾಡಿದರೆ ಯಾವುದು ಹೋಗುತ್ತೆ ಅಂತ ಹೇಳೋಕಾಗಲ್ಲ. ಗ್ರೇಡಲ್‌ನಲ್ಲಿ ಜಾರ್ ಟಾಸ್ಕನ್ನು ಆಫ್ ಮಾಡಿಬಿಡಿ. ಮೇವನ್ ಆದರೆ ಸ್ಪ್ರಿಂಗ್ ಬೂಟಿನ ಪ್ಲಗಿನ್ ಸೇರಿಸಿದ್ದೀರಾ, ರೀಪ್ಯಾಕೇಜ್ ಆಗಿದೆಯಾ ನೋಡಿ.

‘ನೋ ಸಚ್ ಮೆಥಡ್ ಎರರ್’ ಅಂದರೆ ಒಂದೇ ಲೈಬ್ರರಿಯ ಎರಡು ವರ್ಷನ್ ಜಗಳ. ‘ಮೇವನ್ ಡಿಪೆಂಡೆನ್ಸಿ ಟ್ರೀ’ ತೆಗೆದು ಯಾವುದು ಯಾವುದರ ಬೆನ್ನ ಮೇಲೆ ಬಂದಿದೆ ಪತ್ತೆಮಾಡಿ. ಬೂಟ್ 2ರಿಂದ 3ಕ್ಕೆ ಬಂದವರಿಗೆ ‘ಜಾವಾಎಕ್ಸ್’ ಹೋಗಿ ‘ಜಕಾರ್ತಾ’ ಆಗಿರೋದರಿಂದ ‘ಕ್ಲಾಸ್ ನಾಟ್ ಫೌಂಡ್’ ಬರೋದು ಮಾಮೂಲಿ.

ಇನ್ನು ಕೆಲವು ಬೇಗ ಹೇಳಿ ಮುಗಿಸಬಹುದು. ಎಂ ಸೀರೀಸ್ ಚಿಪ್ಪಿನ ಮ್ಯಾಕಿನಲ್ಲಿ ಕಟ್ಟಿದ ಇಮೇಜು ಇಂಟೆಲ್ ಸರ್ವರಿನಲ್ಲಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಕೊಡುತ್ತೆ. ಕಟ್ಟುವಾಗ ಪ್ಲಾಟ್‌ಫಾರ್ಮ್ ‘ಲಿನಕ್ಸ್/ಎಎಂಡಿ64’ ಅಂತ ಕೊಡಿ. ವಿಂಡೋಸಿನಲ್ಲಿ ಬರೆದ ಶೆಲ್ ಸ್ಕ್ರಿಪ್ಟು ಕಣ್ಣೆದುರಿಗೇ ಇದ್ದರೂ ‘ನೋ ಸಚ್ ಫೈಲ್’ ಅಂದರೆ ಸಾಲಿನ ಕೊನೆಯಲ್ಲಿ ವಿಂಡೋಸಿನ ಕಾಣದ ಅಕ್ಷರ ಕೂತಿದೆ, ಎಡಿಟರಿನಲ್ಲಿ ಲೈನ್ ಎಂಡಿಂಗನ್ನು ‘ಎಲ್‌ಎಫ್’ ಮಾಡಿ ಉಳಿಸಿ. ಡೇರಿಯ ಲೋಗೋ ಫೈಲಿನ ಹೆಸರಲ್ಲಿ ಎಲ್ ದೊಡ್ಡದಿದ್ದು ಕೋಡಿನಲ್ಲಿ ಚಿಕ್ಕದಿದ್ದರೆ ಲಿನಕ್ಸಿಗೆ ಅವೆರಡೂ ಬೇರೆ ಬೇರೆ ಫೈಲು. ‘ಎಸ್‌ಆರ್‌ಸಿ/ಮೇನ್/ರಿಸೋರ್ಸಸ್’ ಅಂತ ದಾರಿ ಬರೆದು ಫೈಲ್ ತೆರೆದಿದ್ದರೆ ಜಾರ್ ಒಳಗೆ ಅಂಥ ಫೋಲ್ಡರ್ರೇ ಇಲ್ಲ, ‘ಗೆಟ್ ರಿಸೋರ್ಸ್ ಆ್ಯಸ್ ಸ್ಟ್ರೀಮ್’ ಬಳಸಿ. ಕಂಟೇನರಿನ ಡಿಸ್ಕಿನಲ್ಲಿ ಉಳಿಸಿದ ಸದಸ್ಯರ ಫೋಟೊ ಪಾಡಿನ ಜೊತೆಗೇ ಹೋಗುತ್ತೆ, ಅದನ್ನು ಎಸ್3ಯಂಥ ಆಬ್ಜೆಕ್ಟ್ ಸ್ಟೋರೇಜಿಗೆ ಹಾಕಿ.

ಎದ್ದಿದೆ, ಆದರೆ ಬಾಗಿಲು ತೆರೆದಿಲ್ಲ

ಲಾಗಿನಲ್ಲಿ ‘ಸ್ಟಾರ್ಟೆಡ್’ ಅಂತ ಬಂದಿದೆ, ಬ್ರೌಸರಿನಲ್ಲಿ 502 ಎರರ್. ಇದು ಪೋರ್ಟಿನ ಕತೆ. ಹೆರೋಕು, ಗೂಗಲ್ ಕ್ಲೌಡ್ ರನ್ ಎರಡೂ ಯಾವ ಪೋರ್ಟಿನಲ್ಲಿ ಕೇಳಬೇಕು ಅಂತ ‘ಪೋರ್ಟ್’ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಹೇಳುತ್ತವೆ. ಕ್ಲೌಡ್ ರನ್ನಿನಲ್ಲಿ ಬೇರೆ ಹೇಳದಿದ್ದರೆ 8080. ಎಡಬ್ಲ್ಯುಎಸ್ ಇಲಾಸ್ಟಿಕ್ ಬೀನ್‌ಸ್ಟಾಕ್‌ನ ಜಾವಾ ಎಸ್‌ಇಯಲ್ಲಿ ಎದುರಿಗೆ ಕೂತ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ 5000ಕ್ಕೆ ಕಳಿಸುತ್ತೆ, ನಿಮ್ಮ ಆ್ಯಪಿನೊಳಗಿನ ವೆಬ್ ಸರ್ವರ್ ಟಾಮ್‌ಕ್ಯಾಟ್ 8080ರಲ್ಲಿ ಕಾಯ್ತಿರುತ್ತೆ. ಸೆಟಿಂಗಿನಲ್ಲಿ ಸರ್ವರ್ ಪೋರ್ಟನ್ನು ಆ ವೇರಿಯಬಲ್‌ನಿಂದ ತಗೊಂಡು, ಅದಿಲ್ಲದಿದ್ದರೆ 8080 ಅಂತ ಬರೆದಿಡಿ. ಹಾಗೆಯೇ ಸರ್ವರ್ ಅಡ್ರೆಸ್ ‘ಲೋಕಲ್‌ಹೋಸ್ಟ್’ ಅಂತ ಕಟ್ಟಿಹಾಕಿದ್ದರೆ ಹೊರಗಿನವರು ಬಡಿದ ಬಾಗಿಲ ಸದ್ದು ಒಳಗೆ ಕೇಳಲ್ಲ.

ಇನ್ನೊಂದು, ಏಳುವ ವೇಗ. ಲ್ಯಾಪ್‌ಟಾಪಿನ ಎಂಟು ಕೋರಿನಲ್ಲಿ 8 ಸೆಕೆಂಡಿಗೆ ಏಳುವ ಆ್ಯಪಿಗೆ ಕ್ಲೌಡಿನಲ್ಲಿ ಕಾಲು ಸಿಪಿಯು ಕೊಟ್ಟರೆ ಒಂದು ನಿಮಿಷ ದಾಟೋದು ಸಹಜ, ಏಳುವಾಗಲೇ ಜಾವಾಗೆ ಸಿಪಿಯು ಹಸಿವು ಹೆಚ್ಚು. ಕುಬರ್ನೆಟಿಸ್‌ನ ಲೈವ್‌ನೆಸ್ ಪ್ರೋಬ್ ಬೇರೆ ಏನೂ ಹೇಳದಿದ್ದರೆ 10 ಸೆಕೆಂಡಿಗೊಮ್ಮೆ ಕೇಳುತ್ತೆ, 1 ಸೆಕೆಂಡಿನಲ್ಲಿ ಉತ್ತರ ಬರಬೇಕು ಅನ್ನುತ್ತೆ, 3 ಸಲ ತಪ್ಪಿದರೆ ಕೊಲ್ಲುತ್ತೆ. ಅಂದರೆ ಅರ್ಧ ನಿಮಿಷದ ಆಯಸ್ಸು. ಆ್ಯಪ್ ಏಳೋದಕ್ಕೆ ಮುಂಚೆಯೇ ಪ್ರಾಣ ಹೋಗುತ್ತೆ, ಮತ್ತೆ ಎಬ್ಬಿಸ್ತಾರೆ, ಮತ್ತೆ ಹೋಗುತ್ತೆ. ಇದಕ್ಕೆ ಲೈವ್‌ನೆಸ್ಸಿನ ಕಾಯುವ ಹೊತ್ತು ಹಿಗ್ಗಿಸಬೇಡಿ, ಸ್ಟಾರ್ಟಪ್ ಪ್ರೋಬ್ ಬೇರೆ ಹಾಕಿ: 10 ಸೆಕೆಂಡಿಗೊಮ್ಮೆ, 30 ಸಲ. ಏಳೋದಕ್ಕೆ 300 ಸೆಕೆಂಡು ಸಿಗುತ್ತೆ, ಎದ್ದ ಮೇಲೆ ಲೈವ್‌ನೆಸ್ ಚುರುಕಾಗೇ ಇರುತ್ತೆ. ಲೈವ್‌ನೆಸ್ಸಿನೊಳಗೆ ಡೇಟಾಬೇಸ್ ಚೆಕ್ ಸೇರಿಸಬೇಡಿ. ಡೇಟಾಬೇಸ್ ಒಂದು ನಿಮಿಷ ಮಂಕಾದರೆ ಎಲ್ಲ ಪಾಡೂ ಒಟ್ಟಿಗೆ ಸಾಯುತ್ತೆ.

ಮೆಮೊರಿ: 512 ಎಂಬಿ ಅಂದರೆ 512 ಅಲ್ಲ

ಕಂಟೇನರಿಗೆ 512 ಎಂಬಿ ಲಿಮಿಟ್ ಕೊಟ್ಟಿದ್ದೀರಿ. ಬೇರೆ ಹೇಳದಿದ್ದರೆ ಜಾವಾ ಅದರಲ್ಲಿ ಹೀಪಿಗೆ (ಆ್ಯಪಿನ ಡೇಟಾ ಕೂರುವ ಜಾಗ) ಇಟ್ಟುಕೊಳ್ಳೋದು ಶೇ 25, ಅಂದರೆ 128 ಎಂಬಿ. ತಿಂಗಳ ಬಿಲ್ ತೆಗೆಯುವಾಗ ‘ಜಾವಾ ಹೀಪ್ ಸ್ಪೇಸ್’ ಅಂತ ಬೀಳುತ್ತೆ. ಸರಿ, ಹೀಪಿಗೇ ಪೂರ್ತಿ 512 ಸಿಗಲಿ ಅಂತ ‘ಎಕ್ಸ್ಎಂಎಕ್ಸ್ 512 ಎಂ’ ಹಾಕ್ತೀರಿ. ಈಗ ಆ ಎರರ್ ಹೋಗಿ 137 ಬರುತ್ತೆ. ಮೊದಲನೆಯದು ಜಾವಾ ತಾನೇ ಹೇಳಿಕೊಂಡ ಹೊಟ್ಟೆನೋವು, ಎರಡನೆಯದು ಕರ್ನಲ್ ಹೊಡೆದ ಏಟು. ಏಟು ಬಿದ್ದಾಗ ಹೀಪ್ ಡಂಪೂ ಸಿಗಲ್ಲ, ಲಾಗಿನಲ್ಲಿ ಒಂದು ಸಾಲೂ ಇರಲ್ಲ.

ಹೀಪಿನ ಹೊರಗೂ ಜಾವಾಗೆ ಜಾಗ ಬೇಕು. ಜೆಪಿಎ (ಡೇಟಾಬೇಸ್ ಜೊತೆ ಮಾತಾಡುವ ಪದರ) ಇರುವ ಸ್ಪ್ರಿಂಗ್ ಬೂಟ್ ಆ್ಯಪಿನ ಮೆಟಾಸ್ಪೇಸ್ (ಕ್ಲಾಸುಗಳ ವಿವರ ಕೂರುವ ಜಾಗ) ಸುಲಭವಾಗಿ 100 ಎಂಬಿ ಮುಟ್ಟುತ್ತೆ. ಪ್ರತಿ ಥ್ರೆಡ್ಡಿನ ಸ್ಟ್ಯಾಕು 64 ಬಿಟ್ ಲಿನಕ್ಸಿನಲ್ಲಿ 1 ಎಂಬಿ ತನಕ ಬೆಳೆಯಬಹುದು, ಟಾಮ್‌ಕ್ಯಾಟ್ 200 ಥ್ರೆಡ್ ತನಕ ಹೋಗುತ್ತೆ. ಮೇಲೆ ಕೋಡ್ ಕ್ಯಾಶು, ಡೈರೆಕ್ಟ್ ಬಫರ್. ಆದ್ದರಿಂದ 512 ಎಂಬಿ ಪಾಡಿಗೆ ‘ಮ್ಯಾಕ್ಸ್ ರ‍್ಯಾಮ್ ಪರ್ಸೆಂಟೇಜ್’ 50.0ರ ಹತ್ತಿರ ಇಡಿ, 1 ಜಿಬಿ ಮೇಲಿದ್ದರೆ 70ರಿಂದ 75. ಎಲ್ಲ ಕಡೆ ಕಣ್ಣುಮುಚ್ಚಿ 75 ಹಾಕಿ ಅನ್ನುವ ಸಲಹೆ ಚಿಕ್ಕ ಪಾಡಿಗೆ ಹೊಂದಲ್ಲ. ಜೆಪಿಎ, ಪಿಡಿಎಫ್ ಎಲ್ಲ ಇರುವ ಇಂಥ ಆ್ಯಪಿಗೆ 512ರಲ್ಲಿ ಸಂಸಾರ ಮಾಡೋದಕ್ಕಿಂತ 1 ಜಿಬಿ ಕೊಟ್ಟುಬಿಡೋದು ಮೇಲು.

ಹಾಕಿದ ಸೆಟಿಂಗ್ ಜಾವಾಗೆ ತಲುಪಿದೆಯಾ? ಇಲ್ಲೊಂದು ಹಳೇ ಗುಂಡಿ. ‘ಜಾವಾ_ಆಪ್ಟ್ಸ್’ ಅನ್ನುವ ವೇರಿಯಬಲ್ಲನ್ನು ಜೆವಿಎಂ (ಜಾವಾ ಕೋಡನ್ನು ಓಡಿಸುವ ಎಂಜಿನ್) ತಾನಾಗಿ ಓದೋದೇ ಇಲ್ಲ; ಸ್ಟಾರ್ಟ್ ಸ್ಕ್ರಿಪ್ಟು ಅದನ್ನು ಎತ್ತಿ ಕೊಟ್ಟರೆ ಮಾತ್ರ ಉಂಟು. ಜೆವಿಎಂ ಓದೋದು ‘ಜಾವಾ_ಟೂಲ್_ಆಪ್ಷನ್ಸ್’. ಓದಿದರೆ ಲಾಗಿನ ತಲೆಯಲ್ಲೇ ‘ಪಿಕ್ಡ್ ಅಪ್’ ಅಂತ ಒಂದು ಸಾಲು ಬರುತ್ತೆ. ಆ ಸಾಲಿಲ್ಲ ಅಂದರೆ ನಿಮ್ಮ ಸೆಟಿಂಗ್ ಗಾಳಿಗೆ ಹೋಗಿದೆ.

ಹಳೇ ಜಾವಾ 8, 11 ಇಟ್ಟುಕೊಂಡವರು ವರ್ಷನ್ನಿನ ಬಾಲವನ್ನೂ ನೋಡಬೇಕು. ಹೊಸ ನೋಡುಗಳಲ್ಲಿ ಕಂಟೇನರಿಗೆ ಮಿತಿ ಹಾಕುವ ಲಿನಕ್ಸಿನ ‘ಸಿಗ್ರೂಪ್ ವಿ2’ ಇರುತ್ತೆ. 8ರಲ್ಲಿ 8ಯು372, 11ರಲ್ಲಿ 11.0.16, ಅದಕ್ಕಿಂತ ಹಿಂದಿನವಕ್ಕೆ ಅಲ್ಲಿ ಕಂಟೇನರಿನ ಲಿಮಿಟ್ ಕಾಣಲ್ಲ. ಇಡೀ ಮಷೀನಿನ 8 ಜಿಬಿ ತನ್ನದೇ ಅಂದುಕೊಂಡು 2 ಜಿಬಿ ಹೀಪಿಗೆ ಕೈಹಾಕಿ ಏಟು ತಿನ್ನುತ್ತೆ. ಕ್ಲಸ್ಟರ್ ಅಪ್‌ಗ್ರೇಡ್ ಆದ ಮರುದಿನ ಏನೂ ಮುಟ್ಟದ ಹಳೇ ಆ್ಯಪುಗಳು ಸಾಲಾಗಿ ಬಿದ್ದರೆ ಮೊದಲು ಇದನ್ನು ನೋಡಿ.

ಗಡಿಯಾರ: ಬೆಳಗಿನ ಹಾಲು ನೆನ್ನೆಯ ಲೆಕ್ಕಕ್ಕೆ

ಡೇರಿ ಸೆಕ್ರೆಟರಿ ಫೋನ್ ಮಾಡಿ ‘ಸಾ, ಬೆಳಿಗ್ಗೆ ಹಾಕಿದ್ ಹಾಲು ನೆನ್ನೆ ಲೆಕ್ಕಕ್ಕೆ ಸೇರ್ಕಂಡದೆ’ ಅಂದರೆ, ‘ಎಲ್ಲಾರದೂನಾ?’ ಅಂತ ಕೇಳಿ. ‘ಇಲ್ಲ ಸಾ, ಮೊದ್ಲು ಬಂದೋರ‍್ದು ಮಾತ್ರ’ ಅಂದರೆ ಕಾರಣ ಸಿಕ್ಕಿತು. ಕಂಟೇನರಿನ ಗಡಿಯಾರ ಯುಟಿಸಿ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ತಾರೀಖು ಬದಲಾಗೋದು ನಮ್ಮ ಬೆಳಿಗ್ಗೆ 5:30ಕ್ಕೆ. 5:10ಕ್ಕೆ ಅಳೆದ ಹಾಲು ಹಿಂದಿನ ದಿನಕ್ಕೆ, 5:40ರದ್ದು ಇವತ್ತಿಗೆ. ತಿಂಗಳ 1ನೇ ತಾರೀಖು ಆದರೆ ಹಾಲು ಹಿಂದಿನ ತಿಂಗಳ ಬಿಲ್ಲಿಗೇ ಹೋಯಿತು. ರಾತ್ರಿ 12ಕ್ಕೆ ಓಡಲಿ ಅಂತ ಬರೆದ ಶೆಡ್ಯೂಲು ಹಾಲು ಅಳೆಯುವ ಹೊತ್ತಿಗೆ ಸರಿಯಾಗಿ 5:30ಕ್ಕೆ ಓಡೋದೂ ಇದರಿಂದಲೇ.

ಬೇಗ ಆಗುವ ಪರಿಹಾರ ‘ಜಾವಾ_ಟೂಲ್_ಆಪ್ಷನ್ಸ್’ನಲ್ಲಿ ಯೂಸರ್ ಟೈಮ್‌ಜೋನ್ ‘ಏಷ್ಯಾ/ಕೋಲ್ಕತಾ’ ಅಂತ ಹಾಕೋದು. ಜಾವಾ ತನ್ನ ಟೈಮ್‌ಜೋನ್ ಪಟ್ಟಿಯನ್ನು ತಾನೇ ಹೊತ್ತುಕೊಂಡು ಬರುತ್ತೆ, ಹಾಗಾಗಿ ಟೈಮ್‌ಜೋನ್ ಪ್ಯಾಕೇಜ್ ಇಲ್ಲದ ಆಲ್ಪೈನ್ ಇಮೇಜಿನಲ್ಲೂ ನಡೆಯುತ್ತೆ. ಆದರೆ ಇದನ್ನೊಂದೇ ನಂಬಿ ಕೂರಬೇಡಿ, ನಾಳೆ ಯಾರೋ ಆ ಸಾಲು ಅಳಿಸಿದರೆ ಲೆಕ್ಕ ಮತ್ತೆ ಜಾರುತ್ತೆ. ಕೋಡಿನಲ್ಲೇ ‘ಲೋಕಲ್‌ಡೇಟ್ ನೌ’ ಕರೆಯುವಾಗ ಝೋನ್ ಕೊಡಿ, ಶೆಡ್ಯೂಲಿನ ಅನೋಟೇಷನ್‌ಗೂ ಝೋನ್ ಕೊಡಿ, ಡೇಟಾಬೇಸಿಗೆ ‘ಇನ್‌ಸ್ಟಂಟ್’ ಕಳಿಸಿ, ತೋರಿಸುವಾಗ ಮಾತ್ರ ನಮ್ಮ ಗಂಟೆಗೆ ತನ್ನಿ. ‘ಐಎಸ್‌ಟಿ’ ಅಂತ ಮೂರಕ್ಷರ ಬರೆಯಬೇಡಿ, ಇಸ್ರೇಲಿನವರೂ ಐರ್ಲೆಂಡಿನವರೂ ಅದನ್ನೇ ಬರೀತಾರೆ. ಈಗಾಗಲೇ ತಪ್ಪಾಗಿ ಕೂತ ಹಳೇ ಸಾಲುಗಳು ಸೆಟಿಂಗ್ ಬದಲಿಸಿದ ಮಾತ್ರಕ್ಕೆ ನೆಟ್ಟಗಾಗಲ್ಲ, ಅವಕ್ಕೆ ಬೇರೆ ಅಪ್‌ಡೇಟ್ ಓಡಿಸಬೇಕು. ಅದಕ್ಕೂ ಮುಂಚೆ ಬ್ಯಾಕಪ್.

ಎರಡು ಪಾಡಿದ್ದರೆ ಶೆಡ್ಯೂಲು ಎರಡು ಸಲ ಓಡುತ್ತೆ ಅನ್ನೋದನ್ನೂ ಮರೀಬೇಡಿ. ಬಿಲ್ ಮಾಡುವ ಕೆಲಸವನ್ನು ಕುಬರ್ನೆಟಿಸ್‌ನ ಕ್ರಾನ್‌ಜಾಬ್‌ಗೆ ಎತ್ತಿಹಾಕಿ, 1.27ರಿಂದ ಅದಕ್ಕೆ ಟೈಮ್‌ಜೋನ್ ಬರೆಯುವ ಜಾಗ ಖಾಯಂ ಆಗಿದೆ.

ಕನ್ನಡ ಅಕ್ಷರ: ಪ್ರಶ್ನೆಚಿಹ್ನೆಯನ್ನು ಎಣಿಸಿ

ಊರಿನ ಹೆಸರು ಬರಬೇಕಾದ ಕಡೆ ಪ್ರಶ್ನೆಚಿಹ್ನೆ ಬಂದಿದೆ. ಎಷ್ಟಿವೆ ಅಂತ ಎಣಿಸಿ. ‘ಶ್ರೀರಂಗಪಟ್ಟಣ’ ನಮ್ಮ ಕಣ್ಣಿಗೆ 6 ಅಕ್ಷರ. ಯೂನಿಕೋಡಿನಲ್ಲಿ ವ್ಯಂಜನ, ಹಲಂತ, ಸ್ವರಚಿಹ್ನೆ, ಸೊನ್ನೆ ಎಲ್ಲ ಬೇರೆ ಬೇರೆ, ಹಾಗಾಗಿ ಜಾವಾದ ‘ಲೆಂಗ್ತ್’ 12 ಅನ್ನುತ್ತೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್, ಒಟ್ಟು 36.

ಸರಿಯಾಗಿ 12 ಪ್ರಶ್ನೆಚಿಹ್ನೆ ಇದ್ದರೆ, ಜಾವಾ ಒಳಗೆ ಹೆಸರು ಸರಿಯಾಗಿತ್ತು, ಹೊರಗೆ ಬರೆಯುವಾಗ ಕನ್ನಡ ಗೊತ್ತಿಲ್ಲದ ಎನ್‌ಕೋಡಿಂಗ್‌ಗೆ ಸಿಕ್ಕಿ ಹಾಳಾಗಿದೆ. ಅದು ಡೇಟಾಬೇಸಿನೊಳಗೇ ಹಾಗೆ ಕೂತಿದ್ದರೆ ಹೋದದ್ದು ಹೋಯಿತು, ವಾಪಸ್ ಬರಲ್ಲ. ಕಪ್ಪು ವಜ್ರದೊಳಗೆ ಪ್ರಶ್ನೆಚಿಹ್ನೆ ಸಾಲುಸಾಲಾಗಿ ಬಂದರೆ ಓದುವಾಗ ಕೆಟ್ಟಿದೆ. ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ‘ಎ’, ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2 ಅಥವಾ ಪುಟ್ಟ 3, ಇದೇ ಮತ್ತೆ ಮತ್ತೆ ಬರ್ತಿದ್ದರೆ ಖುಷಿಪಡಿ. ಅದು ಯುಟಿಎಫ್-8ರ ಬೈಟುಗಳನ್ನು ‘ಲ್ಯಾಟಿನ್-1’ ಅಂದುಕೊಂಡು ಓದಿದ ರೂಪ. ಬೈಟುಗಳು ಬದುಕಿವೆ, ಎನ್‌ಕೋಡಿಂಗ್ ಸರಿಮಾಡಿದರೆ ಬಹುಪಾಲು ಹೆಸರು ವಾಪಸ್ ಬರುತ್ತೆ. ಇನ್ನು ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡು, ಡೇಟಾ ಡೇರಿಯ ಹಳೇ ಕಂಪ್ಯೂಟರಿನಿಂದ ಬಂದದ್ದಾದರೆ ಅದು ಯೂನಿಕೋಡ್‌ಗೆ ಮುಂಚಿನ ನುಡಿಯಲ್ಲೋ ಬರಹದಲ್ಲೋ ಟೈಪಿಸಿದ್ದು. ಕ್ಲೌಡನ್ನು ಬೈಯಬೇಡಿ, ಯೂನಿಕೋಡ್‌ಗೆ ಪರಿವರ್ತಿಸಿ ಆಮೇಲೆ ಸೇರಿಸಿ.

ಜಾವಾ 18ರಿಂದ ಮುಂದಕ್ಕೆ ಡೀಫಾಲ್ಟ್ ಎನ್‌ಕೋಡಿಂಗ್ ಯುಟಿಎಫ್-8. 17ರ ತನಕ ಅದು ಆಪರೇಟಿಂಗ್ ಸಿಸ್ಟಮ್ಮಿನ ಲೊಕೇಲ್ ಹೇಳಿದ ಹಾಗೆ. ‘ಲ್ಯಾಂಗ್’ ವೇರಿಯಬಲ್ ಇಲ್ಲದ ಕಂಟೇನರಿನಲ್ಲಿ ಅದು ಬರೀ ಆಸ್ಕಿ. ಡಾಕರ್‌ಫೈಲಿನಲ್ಲಿ ‘ಲ್ಯಾಂಗ್=ಸಿ.ಯುಟಿಎಫ್-8’ ಹಾಕಿದರೆ ಎರಡಕ್ಕೂ ಆಯಿತು. ಜಾವಾ 21ರಲ್ಲೂ ಇದು ಬೇಕು, ಯಾಕೆಂದರೆ ಸ್ಕ್ರೀನಿಗೆ ಬರೆಯುವ ಸ್ಟ್ಯಾಂಡರ್ಡ್ ಔಟ್ ಇನ್ನೂ ಲೊಕೇಲನ್ನೇ ಕೇಳುತ್ತೆ. ಡೇಟಾಬೇಸಿನಲ್ಲಿ ಹೆಸರು ಸರಿ, ಲಾಗಿನಲ್ಲಿ ಮಾತ್ರ ಪ್ರಶ್ನೆಚಿಹ್ನೆ ಅನ್ನುವ ವಿಚಿತ್ರ ಬರೋದು ಇದರಿಂದ.

ಡೇಟಾಬೇಸ್ ಕಡೆ, ಮೈಎಸ್‌ಕ್ಯೂಎಲ್ ಟೇಬಲ್ಲು ಲ್ಯಾಟಿನ್-1 ಆಗಿದ್ದರೆ ‘ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ’ ಅಂತ ಮುಖಕ್ಕೆ ಹೇಳುತ್ತೆ. ‘ಯುಟಿಎಫ್8ಎಂಬಿ4’ಗೆ ಬದಲಿಸಿ. ಒರಾಕಲ್‌ನಲ್ಲಿ ‘ವಾರ್‌ಕ್ಯಾರ್2’ 30 ಅಂದರೆ, ಬೇರೆ ಹೇಳದಿದ್ದರೆ 30 ಬೈಟ್. ‘ಮಂಡ್ಯ’ 15 ಬೈಟ್, ‘ಮೈಸೂರು’ 18, ಸುಸೂತ್ರ ಹೋಗುತ್ತವೆ. ಶ್ರೀರಂಗಪಟ್ಟಣದ 36 ಹಿಡಿಸದೆ ‘ಓಆರ್‌ಎ-12899’ ಬರುತ್ತೆ. ಟೆಸ್ಟ್ ಮಾಡುವಾಗ ಎಲ್ಲರೂ ಮಂಡ್ಯ ಅಂತಲೇ ಟೈಪ್ ಮಾಡಿರ್ತಾರೆ, ಅದಕ್ಕೇ ಸಿಕ್ಕಿರಲ್ಲ. ಕಾಲಮ್ಮಿನ ಅಳತೆಯನ್ನು ‘ಕ್ಯಾರ್’ ಲೆಕ್ಕದಲ್ಲಿ ಕೊಡಿ.

ರಸೀದಿಯ ಸಾಲಿನಲ್ಲಿ ಹಿಡಿಸಲಿ ಅಂತ ಹೆಸರನ್ನು ‘ಸಬ್‌ಸ್ಟ್ರಿಂಗ್’ನಿಂದ ಕತ್ತರಿಸಿದರೆ ಒತ್ತಕ್ಷರದ ಮಧ್ಯೆ ಕತ್ತಿ ಬಿದ್ದು ಹಲಂತ ಬೋಳಾಗಿ ನಿಲ್ಲುತ್ತೆ. ಕತ್ತರಿಸಲೇಬೇಕಾದರೆ, ಕೊನೆಯದು ಹಲಂತವಾಗಿದ್ದರೆ ಅಥವಾ ಮುಂದಿನದು ಸ್ವರಚಿಹ್ನೆ, ಸೊನ್ನೆ, ಹಲಂತ ಆಗಿದ್ದರೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುವ ಚಿಕ್ಕ ಲೂಪ್ ಬರೆಯಿರಿ. ಹೆಸರು ಹುಡುಕಿದಾಗ ಕಣ್ಣೆದುರಿಗಿದ್ದರೂ ಸಿಗದಿದ್ದರೆ, ‘ೇ’ಯನ್ನು ಒಬ್ಬರು ಒಂದೇ ಚಿಹ್ನೆಯಾಗಿ, ಇನ್ನೊಬ್ಬರು ಎತ್ವ ಮತ್ತು ದೀರ್ಘ ಅಂತ ಎರಡಾಗಿ ಟೈಪಿಸಿರಬಹುದು. ಉಳಿಸೋದಕ್ಕೆ ಮುಂಚೆಯೂ ಹುಡುಕೋದಕ್ಕೆ ಮುಂಚೆಯೂ ‘ನಾರ್ಮಲೈಸರ್’ನಿಂದ ‘ಎನ್‌ಎಫ್‌ಸಿ’ಗೆ (ಎರಡನ್ನೂ ಒಂದೇ ಚಿಹ್ನೆಯಾಗಿ ಕೂಡಿಸಿದ ರೂಪ) ತನ್ನಿ.

ಪಿಡಿಎಫ್ ಬಿಲ್ಲಿನದು ಬೇರೆಯೇ ಗೋಳು. ‘ಫಾಂಟ್ ಕಾನ್ಫಿಗರೇಷನ್’ ಕ್ಲಾಸಿನಲ್ಲಿ ನಲ್ ಪಾಯಿಂಟರ್ ಬಂದರೆ ಸ್ಲಿಮ್ ಇಮೇಜಿನಲ್ಲಿ ‘ಫಾಂಟ್‌ಕಾನ್ಫಿಗ್’ ಪ್ಯಾಕೇಜೇ ಇಲ್ಲ. ಅದನ್ನು ಹಾಕಿ, ಜೊತೆಗೆ ಕನ್ನಡದ ಫಾಂಟೂ ಹಾಕಿ: ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಎರಡೂ ಪ್ಯಾಕೇಜಾಗಿ ಸಿಗುತ್ತವೆ, ನೋಟೋ ಸಾನ್ಸ್ ಕನ್ನಡವೂ ಇದೆ. ಫಾಂಟ್ ಇದ್ದೂ ‘ಮಂಡ್ಯ’ದ ಯಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತಿದ್ದರೆ ಆ ಪಿಡಿಎಫ್ ಲೈಬ್ರರಿಗೆ ಒತ್ತು ಜೋಡಿಸೋಕೆ ಬರಲ್ಲ. ಐಟೆಕ್ಸ್ಟ್‌ಗೆ ಇದಕ್ಕಂತಲೇ ದುಡ್ಡು ಕೊಟ್ಟು ಕೊಳ್ಳುವ ಪಿಡಿಎಫ್‌ಕ್ಯಾಲಿಗ್ರಾಫ್ ಬೇಕು. ಬಿಲ್ಲನ್ನು ಎಚ್‌ಟಿಎಂಎಲ್ ಆಗಿ ಬರೆದು ಹೆಡ್‌ಲೆಸ್ ಕ್ರೋಮಿಯಂನಿಂದ ಪಿಡಿಎಫ್ ಮಾಡಿಸಿದರೆ ಒತ್ತುಗಳು ಸರಿಯಾಗಿ ಬರುತ್ತವೆ, ಮೆಮೊರಿ ಮಾತ್ರ ಜಾಸ್ತಿ ತಿನ್ನುತ್ತೆ. ಅದನ್ನು ಬೇರೆ ಪಾಡಿನಲ್ಲಿ ಓಡಿಸಿ.

ಡೇಟಾಬೇಸ್ ಸಿಗ್ತಿಲ್ಲ, ಸಿಕ್ಕರೂ ನಿಧಾನ

ಎರರಿನ ಪದ ನೋಡಿ ದಿಕ್ಕು ಹಿಡಿಯಿರಿ. ‘ಅನ್‌ನೋನ್ ಹೋಸ್ಟ್’ ಅಂದರೆ ವಿಳಾಸವೇ ತಪ್ಪು. ‘ಕನೆಕ್ಷನ್ ರೆಫ್ಯೂಸ್ಡ್’ ಅಂದರೆ ಮನೆ ಮುಟ್ಟಿದ್ದೀರಿ, ಆ ಬಾಗಿಲಲ್ಲಿ ಯಾರೂ ಇಲ್ಲ. ವಿಳಾಸ ಲೋಕಲ್‌ಹೋಸ್ಟ್ ಅಂತ ಉಳಿದಿದ್ದರೆ ಕಂಟೇನರು ತನ್ನ ಬಾಗಿಲನ್ನೇ ಬಡೀತಿದೆ. ‘ಟೈಮ್ಡ್ ಔಟ್’ ಅಂದರೆ ದಾರಿಯಲ್ಲೇ ಫೈರ್‌ವಾಲು ಸದ್ದಿಲ್ಲದೆ ಬಿಸಾಕಿದೆ, ಸೆಕ್ಯೂರಿಟಿ ಗ್ರೂಪಿನಲ್ಲಿ ಪೋರ್ಟ್ ತೆಗೀರಿ. ‘ಆಕ್ಸೆಸ್ ಡಿನೈಡ್’ ಬಂದು, ಪಾಸ್‌ವರ್ಡ್ ಸರಿಯಿದೆ ಅಂತ ಆಣೆ ಮಾಡುವಷ್ಟು ಖಾತ್ರಿಯಿದ್ದರೆ, ಕುಬರ್ನೆಟಿಸ್‌ನಲ್ಲಿ ಪಾಸ್‌ವರ್ಡ್ ಇಡುವ ‘ಸೀಕ್ರೆಟ್’ ಮಾಡುವಾಗ ‘ಎಕೋ’ ಬಳಸಿದ್ದೀರಾ ನೋಡಿ. ಅದು ಕೊನೆಗೊಂದು ಎಂಟರ್ ಸೇರಿಸಿ ಬೇಸ್64 ಮಾಡಿಸಿರುತ್ತೆ. ‘ಎಕೋ -ಎನ್’ ಹಾಕಿ. ಸೀಕ್ರೆಟ್ ಬದಲಿಸಿದ ಮೇಲೆ ‘ರೋಲೌಟ್ ರೀಸ್ಟಾರ್ಟ್’ ಮಾಡಿ, ಓಡ್ತಿರುವ ಪಾಡಿನ ವೇರಿಯಬಲ್ಲು ತಾನಾಗಿ ಬದಲಾಗಲ್ಲ.

ನಿಧಾನದ ಲೆಕ್ಕ ಹೀಗೆ. ಒಂದು ಡೇರಿಯಲ್ಲಿ 400 ಸದಸ್ಯರು. ಪಟ್ಟಿ ತೆಗೆಯುವಾಗ ಹೈಬರ್ನೇಟ್ (ಜೆಪಿಎ ಹಿಂದೆ ಕೆಲಸ ಮಾಡುವ ಲೈಬ್ರರಿ) ಒಬ್ಬೊಬ್ಬರಿಗೂ ಒಂದೊಂದು ಕ್ವೆರಿ ಕಳಿಸ್ತಿದೆ. ಲ್ಯಾಪ್‌ಟಾಪಲ್ಲಿ ಕ್ವೆರಿಗೆ 1 ಮಿಲಿಸೆಕೆಂಡು, ಒಟ್ಟು 0.4 ಸೆಕೆಂಡು, ಯಾರಿಗೂ ಗೊತ್ತಾಗಲ್ಲ. ಆ್ಯಪನ್ನು ಮುಂಬೈ ರೀಜನ್‌ನಲ್ಲಿ ಇಟ್ಟು ಡೇಟಾಬೇಸನ್ನು ಗಮನಿಸದೆ ಅಮೆರಿಕದ ವರ್ಜೀನಿಯಾದಲ್ಲಿ ತೆರೆದಿದ್ದರೆ ಹೋಗಿಬರೋಕೆ ಸುಮಾರು 200 ಮಿಲಿಸೆಕೆಂಡು, 400 ಸಲಕ್ಕೆ 80 ಸೆಕೆಂಡು. ಎಡಬ್ಲ್ಯುಎಸ್‌ನ ಅಪ್ಲಿಕೇಷನ್ ಲೋಡ್ ಬ್ಯಾಲೆನ್ಸರು ಬೇರೆ ಹೇಳದಿದ್ದರೆ 60 ಸೆಕೆಂಡು ಮಾತ್ರ ಕಾಯುತ್ತೆ, 504 ಕೊಡುತ್ತೆ. ಟೈಮ್‌ಔಟ್ ಹಿಗ್ಗಿಸೋದು ಇದಕ್ಕೆ ಮದ್ದಲ್ಲ. ಎರಡನ್ನೂ ಒಂದೇ ರೀಜನ್‌ಗೆ ತನ್ನಿ, 400 ಕ್ವೆರಿಯನ್ನು ‘ಜಾಯಿನ್ ಫೆಚ್’ನಿಂದ ಒಂದಕ್ಕೆ ಇಳಿಸಿ.

‘ಕನೆಕ್ಷನ್ ಈಸ್ ನಾಟ್ ಅವೈಲಬಲ್, 30000 ಮಿಲಿಸೆಕೆಂಡು’ ಅನ್ನೋದು ಡೇಟಾಬೇಸ್ ಕನೆಕ್ಷನ್ನುಗಳನ್ನು ಸಿದ್ಧವಾಗಿಟ್ಟು ಹಂಚುವ ಹಿಕಾರಿ ಪೂಲಿನ ದೂರು. ಪೂಲಿನಲ್ಲಿ ಇರೋದು 10 ಕನೆಕ್ಷನ್. ಒಂದೊಂದು ರಿಕ್ವೆಸ್ಟು 2 ಸೆಕೆಂಡು ಹಿಡಿದುಕೊಂಡರೆ ಒಂದು ಪಾಡು ಸೆಕೆಂಡಿಗೆ ನಿಭಾಯಿಸೋದು 5 ರಿಕ್ವೆಸ್ಟು. ಬೆಳಗಿನ ಹೊತ್ತು ಎಲ್ಲ ಊರಿನವರೂ ಒಟ್ಟಿಗೆ ಕ್ಯಾನ್ ಇಳಿಸಿದಾಗ ಉಳಿದವರು ಸಾಲಿನಲ್ಲಿ. ಪೂಲನ್ನು 50 ಮಾಡೋದು ಮೊದಲ ಹೆಜ್ಜೆ ಆಗಬಾರದು: 3 ಪಾಡಿಗೆ 150 ಆಗುತ್ತೆ, ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಮಿತಿಯೇ 100. ಸ್ಪ್ರಿಂಗ್ ಬೂಟಿನ ‘ಓಪನ್ ಇನ್ ವ್ಯೂ’ ತಾನಾಗಿ ಆನ್ ಇರುತ್ತೆ, ಒಮ್ಮೆ ತಗೊಂಡ ಕನೆಕ್ಷನ್ನನ್ನು ಉತ್ತರ ಹೋಗುವ ತನಕ ಬಿಡಲ್ಲ. ಅದನ್ನು ಆಫ್ ಮಾಡಿ, ಹಿಕಾರಿಯ ಲೀಕ್ ಡಿಟೆಕ್ಷನ್ನಿಗೆ 5000 ಮಿಲಿಸೆಕೆಂಡು ಕೊಟ್ಟು ಯಾರು ಹಿಡಿದು ಕೂತಿದ್ದಾರೆ ನೋಡಿ. ಆ್ಯಪ್ ಪೂರ್ತಿ ಹೆಪ್ಪುಗಟ್ಟಿದ್ದರೆ ಪಾಡಿನೊಳಗೆ ‘ಕಿಲ್ -3 1’ ಹೊಡೆಯಿರಿ. ಹೆಸರಿಗೆ ಕಿಲ್, ಸಾಯಲ್ಲ, ಥ್ರೆಡ್ ಡಂಪು ಲಾಗಿಗೆ ಬರುತ್ತೆ.

ಹೊಸ ವರ್ಷನ್ ಹಾಕುವಾಗ

ಕೆರಗೋಡಿನಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟಿನಲ್ಲಿ 80 ಎಂಬಿ ಜಾರನ್ನು ಪ್ರತಿ ಸಲ ತಳ್ಳುವ ಶಿಕ್ಷೆ ಬೇಡ. ಬದಲಾಗೋದು ನಿಮ್ಮ ಕ್ಲಾಸುಗಳ ಕೆಲವು ನೂರು ಕೆಬಿ ಮಾತ್ರ. ಸ್ಪ್ರಿಂಗ್ ಬೂಟಿನ ಲೇಯರ್ಡ್ ಜಾರ್ ಅಥವಾ ಇಮೇಜ್ ಕಟ್ಟುವ ಜಿಬ್ ಬಳಸಿದರೆ ಲೈಬ್ರರಿಗಳ ಪದರ ಒಮ್ಮೆ ಹೋಗಿ ಕೂರುತ್ತೆ, ಆಮೇಲೆ ಮೇಲಿನ ತೆಳು ಪದರ ಮಾತ್ರ ಹೋಗುತ್ತೆ. ಇನ್ನೂ ಸುಲಭ ಅಂದರೆ ಕೋಡ್ ಮಾತ್ರ ಗಿಟ್‌ಗೆ ತಳ್ಳಿ, ಇಮೇಜನ್ನು ಸಿಐ ಸರ್ವರೇ (ಕೋಡ್ ಬಂದ ಕೂಡಲೇ ತಾನಾಗಿ ಬಿಲ್ಡ್ ಮಾಡುವ ಸರ್ವರು) ಕಟ್ಟಲಿ. ಮಧ್ಯೆ ಕರೆಂಟ್ ಹೋದರೂ ಚಿಂತೆಯಿಲ್ಲ. ಟ್ಯಾಗು ‘ಲೇಟೆಸ್ಟ್’ ಬೇಡ, ಗಿಟ್ ಕಮಿಟ್ಟಿನ ನಂಬರ್ ಹಾಕಿ. ಯಾವ ಪಾಡಿನಲ್ಲಿ ಯಾವ ಕೋಡು ಓಡ್ತಿದೆ ಅಂತ ಆಗ ಮಾತ್ರ ಗೊತ್ತಾಗುತ್ತೆ.

ಹಳೇ ಪಾಡನ್ನು ನಿಲ್ಲಿಸುವಾಗ ಕುಬರ್ನೆಟಿಸ್ ಮೊದಲು ‘ನಿಲ್ಲು’ ಅನ್ನುವ ‘ಸಿಗ್‌ಟರ್ಮ್’ ಕಳಿಸಿ 30 ಸೆಕೆಂಡು ಕಾಯುತ್ತೆ. ಡಾಕರ್‌ಫೈಲಿನಲ್ಲಿ ಕಮಾಂಡನ್ನು ಚೌಕ ಬ್ರಾಕೆಟ್ ಇಲ್ಲದೆ ಬರೆದಿದ್ದರೆ ಆ ಸಂದೇಶ ಶೆಲ್ಲಿನ ಕಿವಿಗೆ ಬಿದ್ದು ಅಲ್ಲೇ ಉಳಿಯಬಹುದು, ಜಾವಾಗೆ ಮುಟ್ಟಲ್ಲ. 30 ಸೆಕೆಂಡಾದ ಮೇಲೆ ಏಟು, ಅರ್ಧ ಬರೆದ ಎಂಟ್ರಿ ಅರ್ಧಕ್ಕೇ. ಬ್ರಾಕೆಟ್ ರೂಪದಲ್ಲಿ ಬರೆಯಿರಿ, ಸ್ಕ್ರಿಪ್ಟ್ ಇದ್ದರೆ ಅದರ ಕೊನೇ ಸಾಲು ‘ಎಕ್ಸೆಕ್ ಜಾವಾ’ ಅಂತ ಶುರುವಾಗಲಿ, ಸ್ಪ್ರಿಂಗ್‌ನಲ್ಲಿ ಗ್ರೇಸ್‌ಫುಲ್ ಶಟ್‌ಡೌನ್ ಆನ್ ಇದೆಯಾ ನೋಡಿ, ಇಲ್ಲದಿದ್ದರೆ ಆನ್ ಮಾಡಿ.

ಡಿಪ್ಲಾಯ್ ಮಾಡುವ ಹೊತ್ತು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರೊಳಗೆ ಇಟ್ಟುಕೊಳ್ಳಿ, ಬೆಳಗಿನ ಹಾಲು ಮುಗಿದಿರುತ್ತೆ, ಸಂಜೆಯದು ಶುರುವಾಗಿರಲ್ಲ. ಕೆಟ್ಟರೆ ‘ರೋಲೌಟ್ ಅಂಡು’ ಹೊಡೆದರೆ ಹಳೇ ಕೋಡು ವಾಪಸ್ ಬರುತ್ತೆ. ಫ್ಲೈವೇ (ಟೇಬಲ್ಲುಗಳ ರಚನೆ ಬದಲಿಸುವ ಉಪಕರಣ) ಬದಲಿಸಿದ ಟೇಬಲ್ಲು ಮಾತ್ರ ವಾಪಸ್ ಬರಲ್ಲ. ಹಾಗಾಗಿ ಕಾಲಮ್ ತೆಗೆಯುವ ಕೆಲಸವನ್ನು ಎರಡು ರಿಲೀಸಿಗೆ ಹಂಚಿ: ಮೊದಲನೆಯದರಲ್ಲಿ ಕೋಡು ಆ ಕಾಲಮ್ಮನ್ನು ಮುಟ್ಟೋದು ನಿಲ್ಲಲಿ, ಒಂದು ವಾರ ಓಡಲಿ, ಎರಡನೆಯದರಲ್ಲಿ ಕಾಲಮ್ ಹೋಗಲಿ.